ಕೌದಿಗೆ ಹೊಸ ಬಟ್ಟೆ

ಕೌದಿಗೆಂದು ಬಟ್ಟೆ ಕೊಂಡೆ ಅಂತ ನಮ್ಮ ಚಿಕ್ಕೋಡಿಯಲ್ಲಿ ಯಾರ ಮುಂದಾದರೂ ಹೇಳಿದರೆ ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ವಯಸ್ಸು ನೆನೆಸಿಕೊಂಡು ಸುಮ್ಮನಾಗುತ್ತಾರೆ. ಕೌದಿಗೆ ಬಟ್ಟೆ ಕೊಳ್ಳುವುದುಂಟೆ? ಉಟ್ಟು, ಒಗೆದು, ಮತ್ತೆ ಉಟ್ಟು, ಇನ್ನು ಉಡಲು ಬರುವುದಿಲ್ಲ ಎನ್ನುವಷ್ಟು ತೆಳ್ಳಗಾದ ಸೀರೆ ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ ಅದು. ನನ್ನ ತವರು ಭೋಜ. ಬೇಸಿಗೆಯಲ್ಲಿ ಕಬ್ಬಿನ ಗಾಡಿಗಳ ಗದ್ದಲ ನಿಂತ ಮೇಲೆ ನಮ್ಮವ್ವ ಅಂಗಳದಲ್ಲಿ ಹಳೆಯ ಸೀರೆಗಳನ್ನು ಹಾಸಿ ಕೂಡುತ್ತಿದ್ದಳು. ಹತ್ತಿರದ ಬೋರಗಾಂವದಲ್ಲಿ ಹಗಲೆಲ್ಲ ಮಗ್ಗಗಳು ಖಟಖಟ ಎಂದು ಹೊಸ ಬಟ್ಟೆ ನೇಯುತ್ತಿದ್ದವು. ಆದರೆ ಅದರಲ್ಲೊಂದು ತುಂಡು ತಂದು ಕೌದಿಗೆ ಹಾಕೋಣ ಎಂದು ಅವ್ವನಿಗೆ ಯಾವತ್ತೂ ಅನ್ನಿಸಲಿಲ್ಲ. ಹೊಸ ಬಟ್ಟೆ ಮೈಗೆ ಚುಚ್ಚುತ್ತದೆ, ಅದಕ್ಕೆ ಯಾರ ಮೈಯ ಬಿಸಿಯೂ ಗೊತ್ತಿರುವುದಿಲ್ಲ ಎನ್ನುವುದು ಅವಳ ವಾದ.

ಹೆಸರಿನಲ್ಲಿ ಮಾತ್ರ ಕೌದಿ ಹಟಮಾರಿಯಲ್ಲ. ಅಥಣಿಯಲ್ಲಿ ಕೌದಿಯಾಗಿರುತ್ತದೆ, ನಿಪ್ಪಾಣಿ ಸಂತೆಗೆ ಬಂದರೆ ಗೋಧಡಿ ಎಂದರೂ ಓಗೊಡುತ್ತದೆ, ಕೊಲ್ಹಾಪುರದ ಹಾದಿ ಹಿಡಿದರೆ ವಾಕಳ ಆಗಿಬಿಡುತ್ತದೆ. ಗಡಿಯ ಜನರ ಹಾಗೆ ಅದಕ್ಕೂ ಎರಡು ಮೂರು ಭಾಷೆ ಬರುತ್ತದೆ. ಇಂಗ್ಲಿಷೂ ಬರುತ್ತದೆ ಎಂದು ನನಗೆ ತಿಳಿದದ್ದು ಹೋದ ವರ್ಷ.

ಹೋದ ವರ್ಷ ನಾನು ಇಂಗ್ಲೆಂಡಿಗೆ ಹೋದದ್ದು ಮಗಳು ಸುಜಾತಾಳ ಬಾಣಂತನಕ್ಕೆ. ಅಳಿಯ ಅಜಿತ ರಾಯಬಾಗದವರು, ಅಲ್ಲಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಓಣಿಯವರು ಮಾತ್ರ ಅವರನ್ನು ಡಾಕ್ಟರ್ ಎಂದೇ ಕರೆಯುವುದು. ನಾನೂ ತಿದ್ದಲು ಹೋಗಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳ ತಪ್ಪು ತಿದ್ದಿ ಸಾಕಾಗಿತ್ತು. ಬಾಣಂತಿಗೂ ಕೂಸಿಗೂ ಬೇಕಾಗುವ ಅಂಟಿನುಂಡಿ, ಅಳವಿ, ಬಜೆಬೇರು ಎಲ್ಲವನ್ನೂ ಹೊತ್ತು, ವಿಮಾನ ನಿಲ್ದಾಣದಲ್ಲಿ ಬಜೆಬೇರು ಎಂದರೇನೆಂದು ಕೈಸನ್ನೆಯಿಂದ ವಿವರಿಸಿ, ಕೊನೆಗೂ ಮಗಳ ಮನೆ ಮುಟ್ಟಿದೆ. ಪೆಟ್ಟಿಗೆಯ ತಳದಲ್ಲಿ ಅವ್ವನ ಇಳಕಲ್ ಸೀರೆಯಿಂದ ನಾನೇ ಹೊಲಿದ ಕೂಸಿನ ಕೌದಿ ಇತ್ತು.

ಅದನ್ನು ಹೊರಗೆ ತೆಗೆಯುವ ಹೊತ್ತು ಬರಲಿಲ್ಲ. ನಾನು ಹೋದ ವಾರದಲ್ಲೇ ಒಂದು ಮುಂಜಾನೆ ಸುಜಾತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅವ್ವಾ, ಇದು ನಿನ್ನಿಯಿಂದ ಅಲುಗಾಡವಲ್ದು" ಅಂದಳು. ಆಸ್ಪತ್ರೆಗೆ ಹೋದೆವು. ಹೆಣ್ಣು ಕೂಸು. ತಲೆತುಂಬ ಕೂದಲು, ಉದ್ದನೆಯ ಬೆರಳು, ಎಲ್ಲ ಇತ್ತು. ಉಸಿರೊಂದು ಇರಲಿಲ್ಲ. ಅಲ್ಲಿಯ ಸೂಲಗಿತ್ತಿ ಅದನ್ನು ಮೀಯಿಸಿ, ಹಳದಿ ಹೂವುಗಳ ಪುಟ್ಟದೊಂದು ಕೌದಿಯಲ್ಲಿ ಸುತ್ತಿ, ಬದುಕಿರುವ ಕೂಸನ್ನು ಕೊಡುವ ಹಾಗೆಯೇ ಕುತ್ತಿಗೆಗೆ ಕೈ ಆಸರೆ ಕೊಟ್ಟು ಸುಜಾತಾಳ ತೋಳಿಗೆ ಕೊಟ್ಟಳು. ಆ ಕೌದಿ ಯಾರದು ಎಂದು ನಾನು ಅಳಿಯನನ್ನು ಕೇಳಿದೆ. "ಈ ಊರಿನ ಹೆಣ್ಣುಮಕ್ಕಳು ಹೊಲದು ಕೊಡ್ತಾರ್ರಿ ಅತ್ತಿ, ಇಂಥಾ ಕೂಸುಗೊಳಿಗೆ ಅಂತನ" ಎಂದು ಹೇಳಿ ಅವರು ಗೋಡೆಯ ಕಡೆ ತಿರುಗಿದರು. ಅದೇ ಕೌದಿಯಲ್ಲಿ ಅದನ್ನು ಮಣ್ಣಿಗೆ ಕೊಟ್ಟೆವು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ! ಮೈಗೆ ಸುದ್ದಿ ತಿಳಿದಿರುವುದಿಲ್ಲ. ಹಾಲು ಬಂತು. ಸುಜಾತಾ ಅಂಗಿಯ ಮುಂಭಾಗ ಒದ್ದೆ ಮಾಡಿಕೊಂಡು ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಬಾಣಂತಿಗೆ ಏನೇನು ಕೊಡಬೇಕು ಎಂದು ನನಗೆ ಬಾಯಿಪಾಠವಿತ್ತು, ಕೂಸಿಲ್ಲದ ಬಾಣಂತಿಗೆ ಏನು ಕೊಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನಿಂದ ಫೋನುಗಳು ಬರುತ್ತಿದ್ದವು. "ಅಕ್ಕೋರ, ಪೇಢೆನೋ ಬರ್ಫಿನೋ?" ಎಂದು ಪಕ್ಕದ ಮನೆಯಾಕೆ ಕೇಳಿದಳು. ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ ಹಂಚುವುದು ನಮ್ಮ ಕಡೆಯ ರೂಢಿ. ಪಾಪ, ಆಕೆಗೇನು ಗೊತ್ತು. ರೇಂಜ್ ಇಲ್ಲ ಎಂದು ಹೇಳಿ ಫೋನಿಟ್ಟೆ. ಅಜಿತ ಕೆಲಸಕ್ಕೆ ಮರಳಿದರು. ಮನೆಯಲ್ಲಿ ನಾವಿಬ್ಬರು. ನಾನು ಮಳೆಯ ಬಗ್ಗೆ, ತೊಗರಿಬೇಳೆಯ ಬಗ್ಗೆ ಮಾತಾಡುತ್ತಿದ್ದೆ, ಅವಳು ಹೂಂ ಎನ್ನುತ್ತಿದ್ದಳು.

ಒಂದು ದಿನ ಊಟ ಬಡಿಸುತ್ತಿದ್ದಾಗ ಅವಳೇ ಬಾಯಿ ತೆರೆದಳು.

"ಅವ್ವಾ, ಅರಿವಿ ತರಾಕ ಹೋಗೂಣು."

"ಯಾವ ಅರಿವಿ ಯವ್ವಾ?"

"ಕೌದಿದು. ಅಂಥಾದ್ದ ಒಂದು ಹೊಲದು ಕೊಡೂಣು. ನಮಗ ಯಾರೋ ಕೊಟ್ಟಿದ್ರಲ್ಲ."

ನನ್ನ ಪೆಟ್ಟಿಗೆಯಲ್ಲಿ ಕೌದಿ ಇದೆ ಎಂದು ಬಾಯಿತನಕ ಬಂತು, ನುಂಗಿಕೊಂಡೆ. ಅವಳು ಹೊರಗೆ ಹೊರಟಿದ್ದಳು, ಅದಕ್ಕಿಂತ ಹೆಚ್ಚಿನದು ನನಗೆ ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಹೋದೆವು. ಅಂಗಡಿಯನ್ನು ನೋಡಿ, ಸುಳ್ಳೇಕೆ ಹೇಳಲಿ, ದುಃಖದ ನಡುವೆಯೂ ನನ್ನ ಬಾಯಿ ತೆರೆದುಕೊಂಡಿತು. ಕೌದಿಗೆಂದೇ ಒಂದು ಅಂಗಡಿ! ಮಾಡಿನ ತನಕ ಬಟ್ಟೆಯ ಥಾನುಗಳು, ಒಂದೊಂದು ಬಣ್ಣಕ್ಕೂ ಒಂದೊಂದು ಗೋಡೆ. ಒಳ್ಳೆಯ ಹೊಸ ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ, ರಿಬ್ಬನ್ ಕಟ್ಟಿ, ಮಿಠಾಯಿಯ ಹಾಗೆ ಬುಟ್ಟಿಯಲ್ಲಿ ಇಟ್ಟಿದ್ದರು. ಕೆಲವು ಬಟ್ಟೆಗಳನ್ನು ಹಳೆಯದರಂತೆ ಕಾಣಲಿ ಎಂದು ಮಾಸಿದ ಬಣ್ಣದಲ್ಲೇ ಅಚ್ಚು ಹಾಕಿದ್ದರು. ನಮ್ಮವ್ವ ನೋಡಿದ್ದರೆ ಇವರ ಮನೆಗಳಲ್ಲಿ ಹಳೆಯ ಸೀರೆಗಳೇ ಇಲ್ಲವೇನೋ ಎಂದು ಮರುಗಿ, ತನ್ನ ಟ್ರಂಕಿನಿಂದ ನಾಲ್ಕು ತೆಗೆದು ಕೊಡುತ್ತಿದ್ದಳು.

ಆರಿಸುವಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ಸುಜಾತಾ ಬಿಳಿಯ ಬಟ್ಟೆ ಎತ್ತಿಕೊಂಡಳು, ಅಲ್ಲಲ್ಲಿ ಕಂಡೂ ಕಾಣದಂಥ ಬೂದುಬಣ್ಣದ ಎಲೆಗಳಿದ್ದದ್ದು.

"ಬಿಳೇದು ಬ್ಯಾಡ ಸುಜಿ."

"ಯಾಕ?"

"ಕೂಸಿಗೆ ಯಾರರ ಬಿಳೇದು ಹಾಕ್ತಾರೇನ? ಕೆಂಪು ತಗೊ. ಹಸರು ತಗೊ."

"ಅವ್ವಾ, ಇದು ಆಡೋ ಕೂಸಿಗಲ್ಲ."

"ಆದ್ರೂ ಕೂಸ ಹೌದಲ್ಲ!"

ನನ್ನ ದನಿ ಏರಿತ್ತು. ಅಂಗಡಿಯ ಒಡತಿ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡ ವಯಸ್ಸಾದ ಹೆಂಗಸು, ನಮ್ಮತ್ತ ಬಂದಳು. ನನ್ನ ಬಿಳಿಕೂದಲು ನೋಡಿ, ಮೊಮ್ಮಗುವಿಗೆ ಹೊಲಿಯುತ್ತೀರಾ ಎಂದು ನಗುತ್ತ ಕೇಳಿದಳು. ನಾಲ್ಕನೆಯ ಇಯತ್ತೆಗೆ ಇಂಗ್ಲಿಷ್ ಕಲಿಸಿದವಳು ನಾನು, ಆದರೂ ಪಕ್ಕದ ಥಾನನ್ನು ತಿರುಗಿಸಿ ಅದರ ಬೆಲೆ ಹುಡುಕತೊಡಗಿದೆ. ಸುಜಾತಾಳೇ ಹೇಳಿದಳು, ಇದು ಆಸ್ಪತ್ರೆಗೆ, ನಮಗೂ ಒಂದು ಸಿಕ್ಕಿತ್ತು, ಹಳದಿ ಹೂವಿನದು ಎಂದು.

ಆ ಹೆಂಗಸಿನ ನಗು ಇಳಿಯಿತು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ದೇವರ ಇಚ್ಛೆ, ಇನ್ನೂ ವಯಸ್ಸಿದೆ, ಮುಂದೆ ಎಲ್ಲ ಒಳ್ಳೆಯದಾಗುತ್ತದೆ ಎಂದು ಫೋನಿನಲ್ಲಿ ನಾನು ಕೇಳಿ ಕೇಳಿ ದಣಿದಿದ್ದ ಮಾತುಗಳಲ್ಲಿ ಒಂದನ್ನೂ ಅವಳು ಆಡಲಿಲ್ಲ. "ಕೂಸಿನ ಹೆಸರೇನು?" ಎಂದು ಕೇಳಿದಳು.

ಸುಜಾತಾ ಥಾನಿನ ಅಂಚು ಹಿಡಿದುಕೊಂಡಳು. "ತ್ರಿಶಲಾ" ಅಂದಳು.

ನನಗೂ ಅದೇ ಮೊದಲು ಗೊತ್ತಾದದ್ದು. ತೊಟ್ಟಿಲ ದಿನದ ತನಕ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿಲ್ಲ. ಆ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ, ಹೆಸರು ಹೇಳಿ, ಎಲ್ಲರೂ ನಕ್ಕು, ಕಡಲೆಯ ಗುಗ್ಗರಿ ಹಂಚಿ ಆಗಬೇಕು. ತೊಟ್ಟಿಲೇ ಇಲ್ಲದ ಮೇಲೆ ಹೆಸರು ಕೇಳಬೇಕೆಂದು ನನಗಾಗಲೀ ರಾಯಬಾಗದ ಬೀಗರಿಗಾಗಲೀ ತೋಚಿರಲಿಲ್ಲ. ಗಂಡಹೆಂಡತಿ ಇಬ್ಬರೇ ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಆ ಹೆಂಗಸಿಗೆ ಮೊದಲ ಸಲ ಆ ಹೆಸರಿಗೆ ನಾಲಿಗೆ ತಿರುಗಲಿಲ್ಲ. ಸುಜಾತಾ ಬಿಡಿಸಿ ಹೇಳಿಕೊಟ್ಟಳು. ಅವಳು ಮತ್ತೆ ಅಂದಳು, ಸುಜಾತಾ ಮತ್ತೆ ತಿದ್ದಿದಳು. ಸರಿಯಾಗಿ ಬರುವ ತನಕ ಆಕೆ ಬಿಡಲಿಲ್ಲ. ಹೀಗೆ ನನ್ನ ಮೊಮ್ಮಗಳ ಹೆಸರನ್ನು ಜೋರಾಗಿ ಕೂಗಿದ್ದು ಒಂದು ಅರಿವಿ ಅಂಗಡಿಯಲ್ಲಿ, ಊರು ಯಾವುದೋ, ಮಂದಿ ಯಾರೋ. ನಾನು ನೂಲಿನ ಉಂಡೆಗಳ ಕಡೆ ಹೋಗಿ ನಿಂತೆ.

ಕೊನೆಗೆ ಬಿಳಿಯನ್ನೂ ತಂದೆವು, ಕೆಂಪನ್ನೂ ತಂದೆವು. ನೆಲದ ಮೇಲೆ ಚಾದರ ಹಾಸಿ ಹೊಲಿಯಲು ಕೂತೆವು. ಸುಜಾತಾಳಿಗೆ ಸೂಜಿ ಹಿಡಿದು ಗೊತ್ತಿಲ್ಲ, ಹೊಲಿಗೆ ಹಾವಿನಂತೆ ಹರಿಯುತ್ತಿತ್ತು. ನಾನು ತಿದ್ದಲಿಲ್ಲ. ದೊಡ್ಡ ಕೌದಿ ಹೊಲಿಯುವುದು ಸುಲಭ, ಕೈಗೆ ಹರವು ಸಿಗುತ್ತದೆ. ಇದು ಶುರುವಾಗುವಷ್ಟರಲ್ಲೇ ಅಂಚು ಬಂದುಬಿಡುತ್ತಿತ್ತು. ಪ್ರತಿ ಸಲ ಅಂಚು ಮುಟ್ಟಿದಾಗಲೂ ಇಬ್ಬರ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು. ಹೊಲಿಯುತ್ತ ಹೊಲಿಯುತ್ತ ಅವಳು ಮಾತಾಡತೊಡಗಿದಳು. ಹೊಟ್ಟೆಯಲ್ಲಿದ್ದಾಗ ತ್ರಿಶಲಾ ಕುಕ್ಕರಿನ ಸೀಟಿಗೆ ಬೆಚ್ಚುತ್ತಿದ್ದಳಂತೆ. ಅಜಿತ ಹಾಡಿದರೆ ಒದೆಯುತ್ತಿದ್ದಳಂತೆ.

ಕೊನೆಯ ಮೂಲೆಯಲ್ಲಿ ನಾನು ಕೈ ತಡೆದೆ. ಕೌದಿ ಹಸಿದಿರಬಾರದು ಎಂದು ನಮ್ಮ ಮನೆಯಲ್ಲಿ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಆಸ್ಪತ್ರೆಗೆ ಹೋಗುವ ಬಟ್ಟೆಯಲ್ಲಿ ರೊಟ್ಟಿ ಹೇಗೆ ಇಡುವುದು? "ಒಂದ್ ಜ್ವಾಳದ ಕಾಳರ ಇಡಲ್ಯಾ?" ಎಂದು ಕೇಳಿದೆ.

"ಅವ್ವಾ, ಒಗದ್ರ ಮೊಳಕಿ ಬರತೈತಿ ನೋಡು!" ಎಂದು ಸುಜಾತಾ ನಕ್ಕುಬಿಟ್ಟಳು. ನಕ್ಕದ್ದಕ್ಕೆ ತಾನೇ ಹೆದರಿ ಬಾಯಿಗೆ ಕೈ ಹಿಡಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು ದನಿ ತೆಗೆದು ಅತ್ತಳು. ನಾನು ಬೆನ್ನು ಸವರುತ್ತ ಕೂತೆ. ಮೂಲೆ ಖಾಲಿಯೇ ಉಳಿಯಿತು.

ಕೌದಿಯನ್ನು ಅಂಗಡಿಯ ಆ ಹೆಂಗಸಿನ ಕೈಗೇ ಕೊಟ್ಟೆವು, ಊರವರು ಹೊಲಿದದ್ದನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸುವವಳು ಅವಳೇ. ಮುಂದೆ ಸ್ವಲ್ಪ ದಿನಕ್ಕೆ ನಾನು ಚಿಕ್ಕೋಡಿಗೆ ಮರಳಿದೆ. ಬಂದವರೆಲ್ಲರಿಗೂ ಚಹಾ ಮಾಡಿಕೊಟ್ಟೆ, ಅವರು ಅತ್ತರೆ ನಾನೇ ಸಮಾಧಾನ ಮಾಡಿದೆ. ಧೈರ್ಯದ ಹೆಂಗಸು ಎಂದು ಹೆಸರಾಯಿತು. ಹೊಲಿದ ವಸ್ತು ಉಪಯೋಗಕ್ಕೆ ಬರಲಿ ಎಂದು ಯಾರಾದರೂ ಬಯಸುತ್ತಾರೆ. ಇದೊಂದು ಮಾತ್ರ ಯಾರಿಗೂ ಬೇಕಾಗದೆ ಕಪಾಟಿನಲ್ಲೇ ಹಳೆಯದಾಗಲಿ ಎಂದು ನಾನು ದಿನಾ ಬೇಡುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಸುಜಾತಾಳ ಫೋನು ಬಂತು. ಅದೂ ಇದೂ ಮಾತಾಡಿ, ಕೊನೆಗೆ ಅಂದಳು: "ಅವ್ವಾ, ನಮ್ಮ ಕೌದಿ ಹೋತಂತ."

"ಯಾರಿಗೆ ಅಂತ ಕೇಳಿದ್ಯಾ?"

"ಹಂಗ ಕೇಳಬಾರದವ್ವಾ."

ಅವಳು ಫೋನಿಟ್ಟಳು. ನಾನು ಒಲೆಯ ಮೇಲಿನ ಸಾರು ಇಳಿಸಿ, ಆ ಊರಿನ ಯಾವುದೋ ಮನೆಯಲ್ಲಿ ಅಂಗಿ ಒದ್ದೆ ಮಾಡಿಕೊಂಡು ಕೂತಿರುವ, ನಾನು ಕಾಣದ, ಕಾಣಲಾರದ ಆ ಹುಡುಗಿಗಾಗಿ ಅಳತೊಡಗಿದೆ. ಬಹಳ ಹೊತ್ತು ಅತ್ತೆ. ನಡುವೆ ಎಲ್ಲೋ ಆ ಅಳು ತ್ರಿಶಲಾಳಿಗಾಗಿ ಆಗಿಬಿಟ್ಟಿತ್ತು. ಅವಳಿಗಾಗಿ ನಾನು ಅತ್ತದ್ದು ಅದೇ ಮೊದಲು.