ಅತ್ತೆ ಬಟಾಣಿ ಸುಲಿಯದಿದ್ದರೆ ಬಸ್ ಹೊರಡುವುದಿಲ್ಲ

ನಮ್ಮ ಭಾವ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವವರು. ಹಾಗೆಂದ ಕೂಡಲೇ ಅವರ ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ದೀಪ ಹೊತ್ತುತ್ತದೆ, ಕೆಮ್ಮಿದರೆ ಫ್ಯಾನ್ ತಿರುಗುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ಕೀಲಿ ಕೊಡುವ ಅಲಾರಾಂ ಗಡಿಯಾರವಿದೆ. ಭಾವನ ಫೋನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಡಬ್ಬಿಯೊಂದರಲ್ಲಿ ಮಲಗಿರುತ್ತದೆ. ಮಾತಾಡಬೇಕೆಂದರೆ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. "ಯಾಕೆ ಭಾವ ಇಷ್ಟು ಹೆದರ್ತೀರಿ?" ಎಂದರೆ, "ಹೋಟೆಲ್ ಅಡುಗೆಯೋನು ಹೋಟೆಲಲ್ಲಿ ತಿನ್ನಲ್ಲಮ್ಮಾ," ಎನ್ನುತ್ತಾರೆ. ಅವರ ಆಫೀಸಿನವನೊಬ್ಬ ಫೋನಿನಿಂದ ತೆರೆಯುವ ಬೀಗ ಹಾಕಿಸಿ, ಫೋನನ್ನು ಒಳಗೇ ಬಿಟ್ಟು, ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದನಂತೆ. ಆ ಕತೆಯನ್ನು ಎಷ್ಟು ಸಲ ಹೇಳಿದರೂ ಭಾವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ಕೆಲಸದಲ್ಲೂ ಅವರದು ತಿರುಗುಮುರುಗು ಬುದ್ಧಿ. ಹೊಸದಾಗಿ ಬರೆದ ದಿನ ಮುಖ ಸಪ್ಪೆ. ಬರೆದದ್ದನ್ನು ಅಳಿಸಿದ ದಿನ ಮದುವೆ ಗಂಡಿನ ಕಳೆ. "ಇವತ್ತು ಅರ್ಧಕ್ಕರ್ಧ ತೆಗೆದು ಬಿಸಾಕ್ದೆ ಕಣೇ!" ಎಂದು ಕುಣಿದರೆ ಅಕ್ಕ, "ಬೆಳಿಗ್ಗೆಯಿಂದ ಕೂತು ಅಳಿಸಿದ್ದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ.

ಈ ಕಸುಬಿನವರಲ್ಲಿ ಇನ್ನೊಂದು ಪದ್ಧತಿಯಿದೆ, ನಾನೇನೂ ಕಟ್ಟಿ ಹೇಳುತ್ತಿಲ್ಲ. ಪ್ರೋಗ್ರಾಮು ಕೈಕೊಟ್ಟರೆ ಮೇಜಿನ ಮೇಲೆ ಒಂದು ಗೊಂಬೆ ಇಟ್ಟುಕೊಂಡು ಅದಕ್ಕೆ ಒಂದೊಂದೇ ಸಾಲು ಬಿಡಿಸಿ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದಂತೆ. ಓದಿದವರು! ಹೆಚ್ಚಿನವರು ಪ್ಲಾಸ್ಟಿಕ್ ಬಾತುಕೋಳಿ ಇಟ್ಟುಕೊಳ್ಳುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ನಮ್ಮ ಭಾವನಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಊಟದ ಮೇಜಿನ ಆಚೆ ತುದಿಯಲ್ಲಿ, ಅಕ್ಕನ ಮನೆಯಲ್ಲೇ ಇರುವ ನಮ್ಮಮ್ಮ, ಅಂದರೆ ಅವರ ಅತ್ತೆ, ಬಟಾಣಿ ಸುಲಿಯುತ್ತಾ ಕೂತಿರುತ್ತಿದ್ದಳು. ಭಾವ ಹೇಳುವರು, ಅಮ್ಮ "ಹೂಂ" ಎನ್ನುವಳು, ತಪ್ಪು ಸಿಗುವುದು. ವರ್ಷಗಟ್ಟಲೆ ಹೀಗೇ ನಡೆಯಿತು.

ಎಲ್ಲ ಕೆಟ್ಟದ್ದು ಒಂದು ಫೋನ್ ಮಾತಿನಿಂದ. ಭಾವ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತು ಆಫೀಸಿನ ಗೆಳೆಯನಿಗೆ, "ನಿನ್ನ ಬಾತುಕೋಳಿ ಯಾರಿಗೆ ಬೇಕಪ್ಪಾ? ನಮ್ಮತ್ತೆ ಇದಾರೆ. ಒಂದಕ್ಷರ ಅರ್ಥ ಆಗಲ್ಲ, ಅದೇ ಅನುಕೂಲ. ಥೇಟ್ ಗೊಂಬೆ!" ಎನ್ನುತ್ತಿದ್ದಾಗ, ತರಕಾರಿ ಚೀಲ ಹಿಡಿದು ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು.

ಅವಳು ಒಳಗೆ ಹೋಗಲಿಲ್ಲ. ಆ ಚೀಲದ ಸಮೇತ ಎರಡು ಬೀದಿ ಆಚೆಯ ನನ್ನ ಮನೆಗೆ ಬಂದುಬಿಟ್ಟಳು. "ಗೊಂಬೆ ಅಂತೆ ಗೊಂಬೆ! ಕೀಲಿ ಕೊಡೋಕೆ ಬರ್ಲಿ, ಮಾಡ್ತೀನಿ!" ಎಂದು ಬಂದವಳೇ ನನ್ನ ಅಡುಗೆಮನೆಯ ಕಪಾಟುಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿದಳು. ಉಪ್ಪು ಎಲ್ಲಿದೆ ಎಂದು ನನ್ನ ಮನೆಯಲ್ಲಿ ನಾನೇ ಕೇಳಬೇಕಾಯಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಮ್ಮನ ಕೋಪ ಇಳಿಯುವ ಜಾತಿಯದಲ್ಲ. ಸ್ವಂತ ತಂಗಿಯಾದ ನಮ್ಮ ಚಿಕ್ಕಮ್ಮನ ಹತ್ತಿರ ಮಾತು ಬಿಟ್ಟು ನಾಲ್ಕು ವರ್ಷ. ಯಾಕೆಂದು ಕೇಳಿದರೆ "ಅವಳಿಗೇ ಗೊತ್ತು," ಎನ್ನುತ್ತಾಳೆ, ಅಷ್ಟೇ.

ಅದೇ ವಾರ ಭಾವನ ಪ್ರೋಗ್ರಾಮು ಕೈಕೊಟ್ಟಿತು. ಅದು ಬಸ್ಸಿನ ಸೀಟು ಕಾಯ್ದಿರಿಸುವ ಪ್ರೋಗ್ರಾಮು. ಒಂದೇ ಸೀಟನ್ನು ಇಬ್ಬರಿಗೆ ಕೊಡುತ್ತಿತ್ತು. ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಮ್ಯಾನೇಜರ್ ಹೇಳಿಬಿಟ್ಟ. ಭಾವ ಅಕ್ಕನನ್ನು ಎದುರು ಕೂರಿಸಿಕೊಂಡರು. "ನಡುವೆ ಎಲ್ಲೋ ಏನೋ ಮರೆತಿದ್ದೀನಿ," ಎನ್ನುವಷ್ಟರಲ್ಲಿ ಅಕ್ಕ, "ಮರೆಯೋದು ನಿಮಗೆ ಹೊಸದಾ? ಮೊನ್ನೆ ಒಲೆ ಮೇಲೆ ಹಾಲಿಟ್ಟು..." ಎಂದು ಶುರುಮಾಡಿದಳು. ಹಾಲಿನಿಂದ ಮಾತು ಭಾವನ ತಾಯಿಯವರೆಗೆ ಹೋಯಿತು. ಆಮೇಲೆ ನನ್ನನ್ನು ಕರೆದರು. ನಾನು ಹಲ್ಲಿನ ಡಾಕ್ಟರ ಸಹಾಯಕಿ, ಬೇರೆಯವರ ಬಾಯಿ ತೆರೆಸಿ ಅಭ್ಯಾಸವೇ ಹೊರತು ನನ್ನದನ್ನು ಮುಚ್ಚಿ ಅಭ್ಯಾಸವಿಲ್ಲ. "ಬುಡಸಮೇತ ಕಿತ್ತು ಹೊಸದು ಹಾಕಿ ಭಾವ," ಎಂದೆ. ಎದ್ದು ಹೋಗು ಎಂದರು. ಕೊನೆಗೆ, ಈಗ ಬಂದಿದೆಯಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ, ಅದನ್ನು ಕೇಳಿದರು. ಅದು "ತುಂಬಾ ಒಳ್ಳೆಯ ಪ್ರಶ್ನೆ!" ಎಂದು ಹೊಗಳಿ ರಾಶಿ ಪರಿಹಾರ ಸುರಿಯಿತು. ಅವನ್ನು ಹಾಕಿ ನೋಡಿದರೆ ಒಂದೇ ಸೀಟಿನಲ್ಲಿ ಮೂರು ಜನ.

"ಎಲ್ಲರಿಗೂ ಹೇಳೋಕೆ ಏನೋ ಇರುತ್ತೆ. ಕೇಳೋಕೇ ಯಾರೂ ಇಲ್ಲ," ಎಂದು ತಲೆ ಮೇಲೆ ಕೈ ಹೊತ್ತು ಕೂತರು ಭಾವ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಎಳೆಮಗುವಿನಂತೆ ಎದೆಗೊತ್ತಿಕೊಂಡು ನನ್ನ ಮನೆ ಬಾಗಿಲಿಗೆ ಬಂದರು.

"ಅತ್ತೆ, ತಪ್ಪಾಯ್ತು."

"ಗೊಂಬೆಗೆ ಯಾರಾದ್ರೂ ತಪ್ಪಾಯ್ತು ಅಂತಾರೇನಪ್ಪಾ?"

"ಕೆಲಸ ಹೋಗುತ್ತೆ ಅತ್ತೆ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. "ನನಗೆ ಅರ್ಥ ಆಗಲ್ಲ, ನಿಜ. ಆದ್ರೆ ದಿನಾ ನನ್ನೆದುರು ಕೂತು ಮಾತಾಡೋನು ಆ ಮನೇಲಿ ನೀನೊಬ್ಬನೇ ಕಣಪ್ಪಾ. ಅದೂ ನನ್ನ ಜೊತೆ ಅಲ್ಲ ಅಂತ ಗೊತ್ತಾಯ್ತಲ್ಲ, ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು."

ನಾನು ಕಪಾಟಿನಲ್ಲಿ ಉಪ್ಪು ಹುಡುಕುವವಳಂತೆ ತಿರುಗಿ ನಿಂತೆ.

"ಹೂಂ, ಹೇಳು. ಆದ್ರೆ ನಿಂದು ಮುಗಿದ್ಮೇಲೆ ನಾನು ಹೇಳ್ತೀನಿ, ನೀನು ಕೇಳ್ಬೇಕು. ಬಾಯಿ ಬಿಡೋ ಹಾಗಿಲ್ಲ. ಗೊಂಬೆ ಅಂದ್ರೆ ಗೊಂಬೆ."

ನಾನು ಬಟಾಣಿ ಬುಟ್ಟಿ ತಂದಿಟ್ಟೆ. ಭಾವ ಶುರುಮಾಡಿದರು. "ಒಬ್ಬ ಸೀಟು ಆರಿಸ್ತಾನೆ ಅತ್ತೆ. ಅವನಿಗೋಸ್ಕರ ನಾವು ಅದನ್ನ ಹಿಡಿದಿಟ್ಕೋತೀವಿ."

"ಹೂಂ."

"ಅವನು ದುಡ್ಡು ಕಟ್ಟೋಕೆ ತುಂಬಾ ತಡಮಾಡಿದ್ರೆ ಸೀಟು ಬಿಟ್ಬಿಡ್ತೀವಿ. ಇನ್ನೊಬ್ಬ ತಗೋತಾನೆ."

"ಹೂಂ."

"ಆಗ ಮೊದಲನೆಯವನು..." ಭಾವನ ಕಣ್ಣು ಅಗಲವಾಯಿತು. "ಅಯ್ಯಯ್ಯೋ! ಬಿಟ್ಟಿದ್ದೀವಿ ಅಂತ ಅವನಿಗೆ ಹೇಳೇ ಇಲ್ಲ! ಸೀಟು ಇನ್ನೂ ತನ್ನದೇ ಅಂದ್ಕೊಂಡು ಅವನೂ ಕೂತಿದಾನೆ!"

ಅಲ್ಲೇ ಕೂತು ಸರಿಮಾಡಿದರು. ಎರಡು ಸಾಲು ಸೇರಿಸಿ ಹತ್ತು ಅಳಿಸಿದರಂತೆ, ಮುಖದಲ್ಲಿ ಮತ್ತೆ ಮದುವೆ ಕಳೆ. ಎದ್ದು ಹೊರಡುವಾಗ ಅಮ್ಮ, "ಕೂತ್ಕೋ," ಎಂದು ಬಟಾಣಿ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟಳು.

"ನನ್ನ ತಂಗಿ ಹೊಸ ಮನೆಗೆ ಹೋಗುವಾಗ ನನ್ನ ಹೊಲಿಗೆ ಮಿಷನ್ ಕೇಳಿದ್ಲು. ತಗೊಂಡು ಹೋಗೇ, ನಿನಗಿಂತ ಹೆಚ್ಚಾ ಅಂದೆ. ಬಾಯಿ ಮಾತಿಗೆ ಅಂದಿದ್ದು! ನಿಜವಾಗ್ಲೂ ಹೊತ್ಕೊಂಡು ಹೋಗೋದಾ?"

ಭಾವ ಸುಲಿದರು.

"ಆಮೇಲೆ ಎಷ್ಟು ಸಲ ಫೋನ್ ಮಾಡಿದ್ಲೋ, ನಾನು ಎತ್ಲಿಲ್ಲ. ಮನೆಗೇ ಬಂದ್ಲು. ತಲೆನೋವು ಅಂತ ಹೊದ್ದು ಮಲಗಿದೆ. ಯಾಕಕ್ಕಾ, ಕೋಪಾನಾ ಅಂದ್ಲು. ಕೋಪ ಏನಿಲ್ಲ ಅಂದೆ. ಅಂದ್ರೆ ಅವಳು..."

ಅಮ್ಮನ ಕೈ ಗಾಳಿಯಲ್ಲೇ ನಿಂತಿತು.

"ಅಯ್ಯೋ ದೇವ್ರೇ. ಕೋಪ ಬಂದಿದೆ ಅಂತ ಅವಳಿಗೆ ನಾನು ಹೇಳೇ ಇಲ್ವಲ್ಲಾ!"

ಭಾವ ಖುಷಿಯಿಂದ ಬಾಯಿ ತೆರೆದರು. ಅಮ್ಮ ಬೆರಳೆತ್ತಿ, "ಗೊಂಬೆ!" ಎಂದಳು. ಬಾಯಿ ಮುಚ್ಚಿತು.

ನನ್ನ ಫೋನ್ ಕಿತ್ತುಕೊಂಡು ಚಿಕ್ಕಮ್ಮನಿಗೆ ಕರೆ ಮಾಡಿದಳು. ಆ ಕಡೆಯಿಂದ "ಅಕ್ಕಾ?" ಎಂಬ ಧ್ವನಿ ಬಂದದ್ದೇ ತಡ, "ನನ್ನ ಮಿಷನ್ ತಗೊಂಡು ಹೋದ್ಯಲ್ಲೇ, ಅದಕ್ಕೆ ನನಗೆ ಕೋಪ! ನಾಲ್ಕು ವರ್ಷದಿಂದ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅದು ಬಂದ ದಿನವೇ ಕೆಟ್ಟೋಯ್ತಲ್ಲಕ್ಕಾ! ವಾಪಸ್ ತಗೊಂಡು ಹೋಗು ಅಂತ ಹೇಳೋಕೇ ಅಲ್ವಾ ನಾನು ಅಷ್ಟು ಸಲ ಫೋನ್ ಮಾಡಿದ್ದು!"

ಇಬ್ಬರೂ ಬೈದುಕೊಂಡು ಅತ್ತರು, ಅತ್ತುಕೊಂಡು ನಕ್ಕರು. ನಾಲ್ಕು ವರ್ಷದ ಮಾತು, ಅಷ್ಟು ಬೇಗ ಮುಗಿಯುತ್ತದೆಯೇ? ಫೋನಿನ ಚಾರ್ಜು ಮುಗಿದ ಮೇಲೆ ಅಮ್ಮ ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ, ಭಾವ ಬುಟ್ಟಿ ಬಟಾಣಿಯನ್ನೆಲ್ಲ ಸುಲಿದಿಟ್ಟು, ಬಾಯಿ ಬಿಗಿದು ಹಾಗೇ ಕೂತಿದ್ದರು. ಇನ್ನು ಸಾಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.