ಹಿತ್ತಲಿನ ಜೋಡಿ ಪೈಪು

ಹರಳೆಣ್ಣೆ ಹಚ್ಚಿದ ಚರ್ಮದ ವಾಸನೆ ನಿಮಗೆ ಗೊತ್ತೇ? ಮೊನ್ನೆ ಸಂಪಿಗೆ ರಸ್ತೆಯಲ್ಲಿ ಚಪ್ಪಲಿ ಹೊಲಿಯುವವರ ಮುಂದೆ ನಿಂತಿದ್ದಾಗ ಅದು ಮೂಗಿಗೆ ಬಡಿದು, ಮಲ್ಲೇಶ್ವರದ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣಮುಂದೆ ಬಂತು. ಆ ಮನೆ ಈಗಿಲ್ಲ. ಎಪ್ಪತ್ತರ ದಶಕದ ಕೊನೆ, ನನಗೆ ಏಳು ವರ್ಷ. ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಕಾಲಿನ ಎರಡೂ ಬದಿಗೆ ಕಬ್ಬಿಣದ ಸರಳು, ತೊಡೆಗೂ ಮೊಣಕಾಲಿಗೂ ಚರ್ಮದ ಪಟ್ಟಿ, ಕೆಳಗೆ ದಪ್ಪ ಬೂಟು: ಇದು ನನ್ನ ಕ್ಯಾಲಿಪರ್. ಪಟ್ಟಿ ಮೆತ್ತಗಿರಲೆಂದು ಅಪ್ಪ ವಾರಕ್ಕೊಮ್ಮೆ ಹರಳೆಣ್ಣೆ ಉಜ್ಜುತ್ತಿದ್ದರು. ಹಿತ್ತಲಲ್ಲಿ ನನ್ನ ಸೊಂಟದೆತ್ತರಕ್ಕೆ ಎರಡು ನೀರಿನ ಪೈಪು ಅಕ್ಕಪಕ್ಕ ಹಾಕಿಸಿದ್ದರು. ಅವನ್ನು ಹಿಡಿದುಕೊಂಡು ದಿನಾ ಬೆಳಿಗ್ಗೆ ಇಪ್ಪತ್ತು ಸಲ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಅಪ್ಪ ಆಫೀಸಿಗೆ, ಅಮ್ಮ ಪಾಠ ಮಾಡಲು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಇನ್ನೂ ಸ್ಕೂಲಿಗೆ ಸೇರದ ನಾನು ಮತ್ತು ಅಪ್ಪನ ತಾಯಿ, ನಮ್ಮಜ್ಜಿ.

ಅಜ್ಜಿಯದು ಉಗ್ರ ಮಡಿ. ಸ್ನಾನ ಮಾಡಿ ಮಡಿಸೀರೆ ಉಟ್ಟರೆಂದರೆ ಪೂಜೆ, ಊಟ ಮುಗಿಯುವವರೆಗೆ ಯಾರನ್ನೂ ಮುಟ್ಟುತ್ತಿರಲಿಲ್ಲ. ನಾನಂತೂ ಮೈಗೆ ಚರ್ಮ ಕಟ್ಟಿಕೊಂಡವಳು, ಕೇಳಬೇಕೆ! ಅಡುಗೆಮನೆಯ ಹೊಸಿಲಾಚೆಗೇ ನನ್ನ ಜಾಗ. ಸಂಜೆ ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಕುಂಟುವ ನನ್ನನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದೂ ನಾನು ಒಬ್ಬಳೇ ಇದ್ದೆ.

ಒಂದು ಚಳಿಯ ಬೆಳಿಗ್ಗೆ ಇಬ್ಬನಿಗೆ ಪೈಪು ಒದ್ದೆಯಾಗಿ, ಕೈ ಜಾರಿ ದಬಕ್ಕನೆ ಬಿದ್ದೆ. ಬಕಲ್ ಚುಚ್ಚಿ ತೊಡೆಯಲ್ಲಿ ರಕ್ತ ಬಂತು. ಕಿರುಚಿದೆ. ಅಜ್ಜಿ ಓಡಿ ಬಂದವರು ಮೆಟ್ಟಿಲ ಮೇಲೆ ಗಕ್ಕನೆ ನಿಂತರು. ಮುಂದೆ ಬಂದಿದ್ದ ಕೈ ಹಿಂದಕ್ಕೆ ಹೋಯಿತು. “ಏಳು ಪುಟ್ಟಿ, ಪೈಪ್ ಹಿಡ್ಕೊಂಡು ಏಳು. ಮಡೀಲಿದೀನಮ್ಮ, ದೇವರಿಗೆ ಇನ್ನೂ ನೈವೇದ್ಯ ಆಗಿಲ್ಲ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಎಲ್ಲಿತ್ತೋ ಸಿಟ್ಟು! ಹಲ್ಲು ಕಚ್ಚಿ, ಪೈಪಿನ ಕಂಬ ಹಿಡಿದು, ಮೊದಲ ಸಲ ಒಬ್ಬಳೇ ಎದ್ದೆ. ಸಂಜೆ ಅಮ್ಮನಿಗೆ ಹಿಗ್ಗೋ ಹಿಗ್ಗು. “ತಾನೇ ಎದ್ಲಂತೆ ರೀ!” ಎಂದು ಅಪ್ಪನಿಗೆ ಹೇಳಿದ್ದೇ ಹೇಳಿದ್ದು. ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಅಜ್ಜಿ ಸ್ನಾನವನ್ನೇ ಮುಂದಕ್ಕೆ ಹಾಕಿದರು. ಮೀಯದೆ ಒಂದು ಗುಟುಕು ಕಾಫಿಯನ್ನೂ ಕುಡಿಯದ ಹೆಂಗಸು, ನನ್ನ ಇಪ್ಪತ್ತು ಸುತ್ತು ಮುಗಿಯುವವರೆಗೆ ಹಿಂದಿನ ದಿನದ ಸೀರೆಯಲ್ಲೇ ಪೈಪಿನ ತುದಿಯಲ್ಲಿ ಕೂತು ಕಾಯುತ್ತಿದ್ದರು. ಒಳಗೆ ದೇವರೂ ಕಾಯುತ್ತಿದ್ದ. “ಕೈ ಬಿಟ್ಟು ಬಾ ಕಂದ. ಬಿದ್ರೆ ನಾನ್ ಹಿಡ್ಕೋತೀನಿ, ಈಗ ನಂಗೆ ಮಡಿಗಿಡಿ ಏನಿಲ್ಲ” ಎಂದು ಎರಡೂ ಕೈ ಚಾಚುತ್ತಿದ್ದರು. ನಾನೋ ಮಹಾ ಹಟಮಾರಿ. ಪೈಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅವರ ಕೈಗೆ ಗೇಣು ದೂರವಿರುವಾಗ ತಿರುಗಿಬಿಡುತ್ತಿದ್ದೆ. “ಬೇಡ, ನಂಗೇ ಬರತ್ತೆ.” ಅಷ್ಟೇ ಮಾತು.

ಬೇಸಿಗೆ ಕಳೆಯುವ ಮೊದಲೇ, ಮೂರು ದಿನದ ಜ್ವರಕ್ಕೆ ಅಜ್ಜಿ ಹೋಗಿಬಿಟ್ಟರು. ಆಮೇಲೆ ನಾನು ಎಷ್ಟು ಸಲ ಬಿದ್ದಿದ್ದೇನೋ, ಬಸ್‌ಸ್ಟಾಪಿನಲ್ಲಿ, ಆಫೀಸಿನ ಮೆಟ್ಟಿಲಲ್ಲಿ. ಗುರುತು ಪರಿಚಯವಿಲ್ಲದವರೆಲ್ಲ ಓಡಿ ಬಂದು ಎತ್ತಿದ್ದಾರೆ. ಅಜ್ಜಿ ಕೈ ಚಾಚಿ ಕೂತಿದ್ದ ಆ ನಾಲ್ಕು ತಿಂಗಳಲ್ಲಿ ಮಾತ್ರ ಒಮ್ಮೆಯೂ ಬೀಳಲಿಲ್ಲ. ಒಂದೇ ಒಂದು ಸಲ, ಸುಳ್ಳಿಗಾದರೂ ಬಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು!