ಕೇಕಿನ ಡಬ್ಬಿಯ ಹಿಂಬದಿ

ತಾರಿಹಾಳದ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣಗಳ ಮೇಲೆ ಅಚ್ಚಾದ ಸಣ್ಣಕ್ಷರಗಳನ್ನು ತಾಳೆ ನೋಡುವುದು ನನ್ನ ಕೆಲಸ. ಮೈದಾ, ಸಕ್ಕರೆ, ತಾಳೆ ಎಣ್ಣೆ, ನೂರು ಗ್ರಾಮಿಗೆ ಎಷ್ಟು ಕೊಬ್ಬು, ಎಷ್ಟು ಕ್ಯಾಲೊರಿ. ದಿನವಿಡೀ ಇದನ್ನೇ ಓದಿ ಉಣಕಲ್ಲಿನ ಮನೆ ಸೇರುವ ಹೊತ್ತಿಗೆ ಅಕ್ಷರ ಕಂಡರೇ ಬೇಸರ. ಮನೆಯಲ್ಲೂ ಬಿಡುಗಡೆಯಿಲ್ಲ. ಅತ್ತೆ ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ ಕೇಕಿದ್ದರೆ ಆ ತಟ್ಟೆಯನ್ನೂ ಮುಟ್ಟುವವರಲ್ಲ. ಅಂಗಡಿಯ ತಿನಿಸು ಏನೇ ಬರಲಿ, ಮೊದಲು ನಾನು ಓದಿ ಹೂಂ ಎನ್ನಬೇಕು. ಆಮೇಲೆ ಅದನ್ನು ಅಂಗೈ ಮೇಲಿನ ಲಿಂಗಕ್ಕೆ ಅರ್ಪಿಸಿಯೇ ಅವರು ಬಾಯಿಗಿಡುವುದು.

ಆ ಸಂಜೆ, ದುಬೈ ನೋಡಿ ಬಂದ ಪಕ್ಕದ ಮನೆಯವರು ಒಂದು ಡಬ್ಬಿ ಕೇಕು ಕೊಟ್ಟಿದ್ದರು. ಮೇಲೆ ಚಾಕೊಲೇಟು, ನಡುವೆ ಬೆಳ್ಳಗೆ ಮೆತ್ತನೆಯ ಮಾರ್ಷ್‌ಮ್ಯಾಲೊ. ನಾನು ಚಪ್ಪಲಿ ಬಿಡುವ ಮೊದಲೇ ಅತ್ತೆ ಹಿಡಿದುಕೊಂಡು ಬಂದರು.

"ಇದರಾಗ ತತ್ತಿ-ಗಿತ್ತಿ ಏನರ ಐತೇನು, ಓದಿ ಹೇಳವಾ."

"ಏನೂ ಇಲ್ರಿ ಅತ್ತಿ, ತಿನ್ರಿ," ಎಂದೆ. ಡಬ್ಬಿಯನ್ನು ತಿರುಗಿಸಿಯೂ ನೋಡಿರಲಿಲ್ಲ. ಕಾಲು ನೋಯುತ್ತಿದ್ದವು, ಅಷ್ಟೇ.

ಮುಖ ತೊಳೆದು ಚಹಾಕ್ಕೆ ಇಟ್ಟಾಗ ಡಬ್ಬಿ ಒಲೆಯ ಕಟ್ಟೆ ಮೇಲಿತ್ತು. ಹಾಳು ಚಾಳಿ, ಕಣ್ಣು ತಾನಾಗಿ ಹಿಂಬದಿಗೆ ಹೋಯಿತು. ಒಂದು ಕೇಕಿಗೆ ಸಕ್ಕರೆ ಎಷ್ಟೆಂದು ನೋಡಿ ಕೆಳಗಿನ ಸಾಲುಗಳಿಗೆ ಇಳಿದೆ. ಗ್ಲೂಕೋಸ್ ಸಿರಪ್, ಕೋಕೋ, ಜೆಲಟಿನ್. ಪಕ್ಕದಲ್ಲೇ ದನದ್ದೆಂದು ಬರೆದಿತ್ತು. ಮೊಟ್ಟೆಯಾದರೂ ಆಗಬಾರದಿತ್ತೇ! ಎಲುಬು, ಚರ್ಮ ಕುದಿಸಿ ತೆಗೆಯುವ ಅಂಟು ಅದು. ಈ ಹೆಸರಿದ್ದರೆ ಹಸಿರು ಚುಕ್ಕಿ ಹಾಕಬಾರದೆಂದು ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳಿಕೊಡುವವಳೇ ನಾನು.

ಪಡಸಾಲೆಗೆ ಓಡಿದೆ. ಅತ್ತೆ ಪೂಜೆ ಮುಗಿಸಿ ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ತುಟಿಯ ಅಂಚಿಗೆ ಚಾಕೊಲೇಟು ಹತ್ತಿತ್ತು. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಹೇಳಿದರೆ ಈ ಎಪ್ಪತ್ತರ ಜೀವ ಅನ್ನ-ನೀರು ಬಿಟ್ಟು ಕೂರುತ್ತದೆ. ಹೇಳದಿದ್ದರೆ ಇದನ್ನು ಸಾಯುವ ತನಕ ನಾನೊಬ್ಬಳೇ ಹೊರಬೇಕು.

"ಅತ್ತಿ..." ಎಂದೆ.

"ಬಾರವಾ, ಭಾಳ ಮೆತ್ತಗ ಐತಿ. ದಣದ ಬಂದೀ ಅಂತ ನಿನಗ ಅರ್ಧಾ ಇಟ್ಟೇನಿ. ಪ್ರಸಾದ ಐತಿ, ಒಲ್ಲೆ ಅನಬ್ಯಾಡ."

ಹುಟ್ಟಿದಾಗಿನಿಂದ ನಾನೂ ಮಾಂಸ ಮುಟ್ಟಿದವಳಲ್ಲ. ಎರಡೂ ಕೈ ಒಡ್ಡಿ ಇಸಿದುಕೊಂಡು, ಅವರೆದುರೇ ತಿಂದೆ.

"ಛಲೋ ಐತಿಲ್ಲ?"

"ಛಲೋ ಐತ್ರಿ ಅತ್ತಿ," ಎಂದೆ.